ಬಿಸಿನೀರಿನಲ್ಲಿ ತೊಳೆದ ಅಂಗಿ

ಕೆಲಗೇರಿ, ಧಾರವಾಡ
೧೭ ಜುಲೈ ೨೦೦೮, ಗುರುವಾರ

ಪ್ರೀತಿಯ ಯೋಗಿ,

ಅಕ್ಕನ ಆಶೀರ್ವಾದ. ಹೊಟ್ಟೆ ಹೇಗಿದೆ? ಮಿರಜಿನ ಮಾವನ ಮನೆಯ ಖಾರ ನಿನಗೆ ಆಗುವುದಿಲ್ಲ, ಮಜ್ಜಿಗೆ ಬಿಡಬೇಡ. ಅವ್ವನ ಮೊಣಕಾಲು ನೋವು ಹಾಗೇ ಇದೆ. ನೀನು ಹೋಗಿ ಹನ್ನೊಂದು ದಿನವಾಯಿತು, ಯಾರೇ ಬಾಗಿಲು ಬಡಿದರೂ ಬೆಚ್ಚಿಬೀಳುತ್ತಾಳೆ.

ಯಮನಪ್ಪ ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ನಮ್ಮ ಹತ್ತಿ ಗೋದಾಮಿನಲ್ಲಿ ಇಪ್ಪತ್ತು ವರ್ಷ ಚೀಲ ಹೊತ್ತವನು, ಚಿಕ್ಕವನಿದ್ದಾಗ ನಿನ್ನನ್ನೂ ಹೊತ್ತವನು. ರಾಯಾಪುರದ ರಸ್ತೆಯಲ್ಲಿ ಅವನದೇ ಚೀಲ ಎತ್ತುವ ಕೊಕ್ಕೆ ಕಸಿದುಕೊಂಡು ಮುಖಕ್ಕೆ ಹೊಡೆದಿದ್ದಾರೆ. ಬಿದ್ದ ಮೇಲೂ ಹೊಡೆದಿದ್ದಾರೆ. ಎಡಗಣ್ಣು ಹೋಯಿತು, ದವಡೆ ಮೂರು ಕಡೆ ಮುರಿದಿದೆ, ಪ್ರಜ್ಞೆ ಬಂದಿಲ್ಲ. ಹಿಂದಿನ ದಿನ ಅವನೊಂದಿಗೆ ಜಗಳವಾಡಿದ್ದ ಎಂದು ಹಮಾಲ ಗುಲಾಬಸಾಬನನ್ನು ಪೊಲೀಸರು ಒಯ್ದರು. ಅವರ ಲಾಠಿ ಏಟಿಗೆ ಅವನ ಅಂಗಾಲು ಒಡೆದು ನೆಲಕ್ಕೆ ಊರಲಾಗುತ್ತಿಲ್ಲ. ನಾನೇ ಹೋಗಿ ನೋಡಿಬಂದೆ.

ನೀನು ಫೋನಿನಲ್ಲಿ ಹೇಳಿದ್ದನ್ನು ನಂಬಿದ್ದೆ. "ಆಣಿ ಮಾಡಿ ಹೇಳತೇನಿ ಅಕ್ಕಾ, ನಾ ರಾಯಾಪುರಕ್ಕ ಹೋಗೇ ಇಲ್ಲ. ಗೋಕುಲ ರೋಡಿನ ಗ್ಯಾರೇಜಿನ್ಯಾಗ ಇದ್ದೆ." ಆದರೆ ಆ ಹೊಡೆತ ಬಿದ್ದ ದಿನವೇ ಬೆಳಿಗ್ಗೆ ನೀನು ಒಬ್ಬ ಹಮಾಲನ ಕಪಾಳಕ್ಕೆ ಹೊಡೆದದ್ದು, ಯಮನಪ್ಪ ಎಲ್ಲರೆದುರು ನಿನಗೆ "ಆಳಿನ ಮ್ಯಾಲೆ ಕೈ ಎತ್ತಬಾರ್ದೋ ತಮ್ಮಾ" ಅಂದದ್ದು ಮೊನ್ನೆ ಅವನ ಹೆಂಡತಿ ರೇಣವ್ವ ಹೇಳಿದ ಮೇಲಷ್ಟೇ ತಿಳಿಯಿತು. ಮನೆಗೆ ಬಂದು ನೀನು ಅಂದು ತೊಟ್ಟಿದ್ದ ಕಾಫಿ ಬಣ್ಣದ ಅಂಗಿಯನ್ನು ಹುಡುಕಿ ತೆಗೆದೆ.

ಪ್ರಯೋಗಶಾಲೆಯ ನನ್ನ ಕೆಲಸಕ್ಕೆ ನೀನು 'ಅಕ್ಕನ ರಂಗಪಂಚಮಿ' ಎಂದು ನಗುತ್ತಿದ್ದೆಯಲ್ಲ, ಅಂಗಿಗೆ ಹಾಕಿದ್ದು ಅದೇ ಬಣ್ಣ. ಹೊಳೆಯುವ ಬಣ್ಣಗಳಿಗೆ ಒಂದು ಕೆಟ್ಟ ಚಾಳಿ: ಬಿಡಿಬಿಡಿಯಾಗಿದ್ದರೆ ಹೊಳೆಯುತ್ತವೆ, ನೀರಿನಲ್ಲಿ ಗುಂಪುಗಟ್ಟಿದರೆ ಮಂಕಾಗುತ್ತವೆ. ನನ್ನದು ಉಲ್ಟಾ. ಬಿಡಿಯಾಗಿದ್ದಾಗ ಅದರ ಅಣುವಿನ ಕೈಕಾಲು ಗಿರಗಿರ ತಿರುಗಿ ಶಕ್ತಿಯೆಲ್ಲ ಸೋರಿಹೋಗುತ್ತದೆ. ನೀರಿನಲ್ಲಿ ಒತ್ತೊತ್ತಾಗಿ ಮುದ್ದೆಗಟ್ಟಿದರೆ ಅಲುಗಾಡಲಾರದೆ ಹಳದಿಯಾಗಿ ಬೆಳಗುತ್ತದೆ. ಆ ಮುದ್ದೆ ರಕ್ತದ ಪ್ರೋಟೀನಿಗೆ ಅಂಟುವಂತೆ ಮಾಡಲು ಮೂರು ವರ್ಷ ಹಿಡಿಯಿತು. ಮೊದಲ ಎರಡು ವರ್ಷ ಮಾಡಿದ್ದನ್ನೆಲ್ಲ ಚೆಲ್ಲಿ ಅತ್ತಿದ್ದೇನೆ.

ಅಂಗಿಯ ಕಲೆ ಗ್ರೀಸು ಎಂದು ನೀನು ಅವ್ವನಿಗೆ ಹೇಳಿದ್ದೆ. ಗ್ರೀಸು ಹೋಗಲಿ ಎಂದು ಅವಳು ಅದನ್ನು ಹಂಡೆಯ ಕುದಿನೀರಿನಲ್ಲಿ ನೆನೆಹಾಕಿದಳು. ರಕ್ತ ಎಂದಿದ್ದರೆ ತಣ್ಣೀರು ಹಾಕುತ್ತಿದ್ದಳು, ಅದು ಎಲ್ಲ ಹೆಂಗಸರಿಗೂ ಗೊತ್ತು. ಕುದಿನೀರಿಗೆ ರಕ್ತ ನೂಲಿನಲ್ಲೇ ಕಚ್ಚಿ ಕೂತುಬಿಡುತ್ತದೆ. ನಿನ್ನ ಸುಳ್ಳೇ ಅದನ್ನು ಉಳಿಸಿತು, ಯೋಗಿ.

ಪ್ರಯೋಗಶಾಲೆಯಲ್ಲಿ ಮೊದಲು ಗ್ಯಾರೇಜಿನ ಗ್ರೀಸು ಬಟ್ಟೆಗೆ ಬಣ್ಣ ಹಾಕಿ ತೊಳೆದೆ. ಹಳದಿ ಬರಲಿಲ್ಲ. ಆಮೇಲೆ ನಿನ್ನ ಅಂಗಿಯ ತೋಳಿನುದ್ದಕ್ಕೆ ಒಂದು ಪಟ್ಟಿಗೆ ಮಾತ್ರ ಹಾಕಿ, ತೊಳೆದು, ಅತಿನೇರಳೆ ದೀಪದ ಕೆಳಗೆ ಹಿಡಿದೆ. ಸಾಬೂನು ಪುಡಿಯ ನೀಲಿ ಹೊಳಪಿನ ನಡುವೆ ಸಾಸಿವೆ ಎರಚಿದ ಹಾಗೆ ಹಳದಿ ಚುಕ್ಕೆಗಳು. ತೋಳಿನ ತುದಿಯಿಂದ ಮೊಣಕೈವರೆಗೆ, ಎಲ್ಲ ಒಂದೇ ಕಡೆಗೆ ಸಿಡಿದವು. ನಿನ್ನ ಮೈಮೇಲೆ ಅಂದು ಒಂದು ಗೀರೂ ಇರಲಿಲ್ಲ. ಎಷ್ಟು ಏಟು ಹೊಡೆದೆಯೋ? ನೀನು ಎದುರಿಗಿದ್ದಿದ್ದರೆ ಒನಕೆ ತೆಗೆದುಕೊಂಡು ಆ ಕೈಯನ್ನೇ ಮುರಿಯುತ್ತಿದ್ದೆ. ಸಿಟ್ಟಿಗೆ ಬೀಕರು ಗೋಡೆಗೆ ಎಸೆದೆ, ಗಾಜು ನನಗೇ ಚುಚ್ಚಿತು. ನಮ್ಮಿಬ್ಬರದು ಒಂದೇ ರಕ್ತ, ಒಂದೇ ಸಿಟ್ಟು. ನನಗೆ ನನ್ನ ಮೇಲೂ ಹೇಸಿಗೆಯಾಯಿತು.

ಅವ್ವನಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ. "ಅವಂಗ ಊಟಾ ಮಾಡಿ ಬಾ ಅಂತ ಬರಿ" ಅಂದಳು, ಅಷ್ಟೇ. ಮಾವ, ಅತ್ತೆಗೆ ನಮಸ್ಕಾರ ತಿಳಿಸು. ದೇವರು ನಿನಗೆ ಬುದ್ಧಿ ಕೊಡಲಿ, ಆಯುಷ್ಯ ಕೊಡಲಿ.

ನಿನ್ನ ಅಕ್ಕ,
ದ್ರಾಕ್ಷಾಯಿಣಿ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಅಂಗಿಯನ್ನು ನಿನ್ನೆಯೇ ಠಾಣೆಗೆ ಕೊಟ್ಟುಬಂದೆ. ನನ್ನ ಬಣ್ಣವನ್ನು ಕೋರ್ಟು ಒಪ್ಪಲಿಕ್ಕಿಲ್ಲ, ಉಳಿದ ಭಾಗವನ್ನು ಅವರೇ ಪರೀಕ್ಷೆ ಮಾಡಿಸುತ್ತಾರೆ. ಗುಲಾಬಸಾಬನನ್ನು ಹೊಡೆಯುವುದು ನಿಂತಿದೆ, ಬಿಟ್ಟಿಲ್ಲ. ನೀನೆಲ್ಲಿದ್ದೀಯೆಂದು ಕೇಳಿದರು, ಗೊತ್ತಿಲ್ಲ ಅಂದೆ. ಸೋಮವಾರದೊಳಗೆ ನೀನಾಗಿಯೇ ಬಾ. ಮಂಗಳವಾರ ನಾನು ವಿಳಾಸ ಹೇಳುತ್ತೇನೆ.