ಟಾಲಿನ್ನಿನಲ್ಲಿ ಹಾರಿಹೋದ ಬೂಟು

ಟಾಲಿನ್, ಭಾನುವಾರ ಸಂಜೆ

ತಂಗಿ ಹಿಲ್ಯಾ,

ಹಡಗಿನಲ್ಲಿ ಎರಡು ಸಲ ವಾಂತಿಯಾಯಿತು, ಈಗ ಆರಾಮ. ಹಾಡಿನ ಹಬ್ಬದಲ್ಲಿ ನಮ್ಮ ದ್ವೀಪದ ಹೆಂಗಸರ ಸಾಲಿನಲ್ಲಿ ನಿಂತು ನಾನು ಬರೆದ ಹಾಡನ್ನೇ ಹಾಡಿದೆ. ಕೈಯಲ್ಲಿದ್ದ ಅಚ್ಚಿನ ಹಾಳೆಯಲ್ಲಿ ಮಾತ್ರ 'ಬರೆದವರು ತಿಳಿಯದು' ಎಂದಿತ್ತು. ಸರ್ಕಾರ ನನ್ನನ್ನು ಸೈಬೀರಿಯದ ಗಡೀಪಾರಿನಿಂದ ಬಿಟ್ಟು ಕಳಿಸಿ ಹತ್ತು ವರ್ಷವಾದರೂ ನನ್ನ ಹೆಸರು ಅಚ್ಚಾಗಕೂಡದಲ್ಲ!

ಜನ ಬಿಡಲಿಲ್ಲ, ಮೂರು ಸಲ ಹಾಡಿಸಿದರು. ಆಮೇಲೆ ಮೇಳ ನಡೆಸಿದ ಮುದುಕ ವಿಲ್ಲೆಮ್‌ಗೆ ಓಕ್ ಎಲೆಯ ಹಾರ ತಂದರೆ ಅವನು ಕೊರಳೊಡ್ಡಲಿಲ್ಲ. "ಮೊದ್ಲು ಬರೆದೋರಿಗೆ ಹಾಕ್ರಪ್ಪಾ" ಎಂದ.

"ಬರೆದೋರು ಯಾರಂತ ಗೊತ್ತಿಲ್ವಲ್ಲ" ಎಂದು ಹಾರ ತಂದ ಅಧಿಕಾರಿ ಹಲ್ಲು ಕಿರಿದ.

ನನ್ನ ಪಕ್ಕದಲ್ಲಿದ್ದ ನಮ್ಮೂರ ಹಾಲಿನ ಡೇರಿಯ ಮೇತಾ ಸುಮ್ಮನಿರಬೇಕಲ್ಲ! "ನಿಮ್ಗೆ ಗೊತ್ತಿಲ್ದಿದ್ರೆ ನಮ್ಮನ್ನ ಕೇಳ್ರೀ!" ಎಂದು ನನ್ನ ಹೆಸರನ್ನು ಕೂಗಿಯೇಬಿಟ್ಟಳು. ಸಾಲಿನಿಂದ ಸಾಲಿಗೆ ಹಬ್ಬಿ ಇಡೀ ಮೈದಾನ ಅದನ್ನೇ ಕೂಗಿತು. ಗಂಡಸರು ಈ ಅರವತ್ಮೂರರ ಮುದುಕಿಗೆ ಹಾರ ಹಾಕಿ, ವಾಡಿಕೆಯಂತೆ ಎತ್ತಿ ಎತ್ತಿ ಗಾಳಿಗೆ ಹಾರಿಸಿದರು. ಎಡಗಾಲಿನ ಬೂಟು ಎಲ್ಲೋ ಹೋಯಿತು.

ಅದನ್ನು ಹುಡುಕಿ ತಂದವನು ಒಬ್ಬ ಪೊಲೀಸ್. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವನು ಜೇಬಿನಿಂದ ಪುಸ್ತಕ ತೆಗೆದು, "ಅಮ್ಮಾ, ಎರಡನೇ ಚರಣ ಬರ್ಕೊಡಿ, ನಮ್ಮಜ್ಜಿಗೆ ಬೇಕಂತೆ. ಕೆಳಗೆ ಹೆಸ್ರೂ ಹಾಕಿ" ಎಂದ. ಹಾಕಿದೆ.

ಕಾಲು ಉಳುಕಿದೆ, ಬುಧವಾರ ಬಂದರಿಗೆ ಗಾಡಿ ತಾ. ಇಷ್ಟು ವರ್ಷ ಕಾಗದದ ಕೊನೆಗೆ ಹೆದರಿಕೊಂಡು 'ಅಕ್ಕ' ಎಂದಷ್ಟೇ ಬರೆಯುತ್ತಿದ್ದೆ. ಈ ತೆರೆದ ಕಾರ್ಡನ್ನು ಅಂಚೆಯವರೆಲ್ಲ ಬೇಕಾದರೆ ಓದಲಿ.

ಲೋವಿಸೆ ಕಾದಾರಿಕ್