ಕೆಂಪು ಬಾವುಟ ಕೀಳಿಸಿದ ಸಾಹೇಬರಿಗೆ

ಕಡಲತೀರ ನಿರ್ವಹಣಾ ಸಮಿತಿಯ ಮುಖ್ಯಸ್ಥರ ಕುರ್ಚಿಯಲ್ಲಿ ಸದ್ಯಕ್ಕೆ ವಿರಾಜಮಾನರಾಗಿರುವ ಮಾನ್ಯರೇ,

ನಿಮ್ಮ ಮಗಳ ಪ್ರೀ-ವೆಡ್ಡಿಂಗ್ ಫೋಟೋ ಚೆಂದ ಬರಲಿ ಎಂದು ಅಪಾಯ ತೋರಿಸುವ ಕೆಂಪು ಬಾವುಟವನ್ನು ನೀವು ಕೀಳಿಸಿದಿರಿ. ಬಾವುಟವಿಲ್ಲದ ಆ ಜಾಗದಲ್ಲಿ ನನ್ನ ಮಗಳು ನೀರುಪಾಲಾಗುವುದರಲ್ಲಿದ್ದಳು. ಅದಾದ ಮೇಲೆ ನೀವು ಪತ್ರಿಕೆಯವರ ಮುಂದೆ ನಿಂತು "ಇದು ಪಾಲಕರ ನಿರ್ಲಕ್ಷ್ಯ" ಎಂದು ಅಪ್ಪಣೆ ಕೊಡಿಸಿದಿರಿ. ನನ್ನ ದೂರು ಇಷ್ಟೇ. ಇನ್ನು ಮುಂದಿನದೆಲ್ಲ ನಿಮ್ಮ ನಿದ್ದೆ ಕೆಡಲಿ ಎಂದು ಬರೆಯುತ್ತಿರುವುದು.

ನಾನು ಬ್ಯಾಡಗಿಯವಳು. ಹಾವೇರಿ, ರಾಣೆಬೆನ್ನೂರು, ಗುತ್ತಲ ಕಡೆಯ ಮದುವೆ, ಸನ್ಮಾನ, ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್‌ಗಳಲ್ಲಿ ಮೈಕ್ ಹಿಡಿದು ನಿರೂಪಣೆ ಮಾಡುವುದು ನನ್ನ ಕಸುಬು. ನಿಮ್ಮಂಥವರನ್ನು ವೇದಿಕೆಗೆ ಬರಮಾಡಿಕೊಂಡು "ಸರಳ ಸಜ್ಜನಿಕೆಯ ಮೂರ್ತಿ", "ಜನಪರ ಕಾಳಜಿಯ ದಕ್ಷ ಅಧಿಕಾರಿ" ಎಂದು ಗಂಟಲು ಕಟ್ಟುವಷ್ಟು ಹೊಗಳಿದವಳು. ನನ್ನ ಯಜಮಾನರು ಯಲ್ಲೇಶ, ರಾಣೆಬೆನ್ನೂರಿನಲ್ಲಿ ಫ್ಲೆಕ್ಸ್ ಬ್ಯಾನರ್ ಅಂಗಡಿ ಇಟ್ಟವರು. ಅವರು ದೊಡ್ಡವರ ಮುಖ ಅಚ್ಚು ಹಾಕುತ್ತಾರೆ, ನಾನು ಆ ಮುಖಗಳ ಗುಣಗಾನ ಮಾಡುತ್ತೇನೆ. ಹೇಳಿದ ಹೊಗಳಿಕೆಯನ್ನು ವಾಪಸು ತೆಗೆದುಕೊಳ್ಳುವ ವ್ಯವಸ್ಥೆ ಸರಕಾರದಲ್ಲಿ ಎಲ್ಲಾದರೂ ಇದೆಯೇ? ಇದ್ದರೆ ದಯವಿಟ್ಟು ತಿಳಿಸಿ.

ಗ್ಯಾದರಿಂಗ್‌ಗಳೆಲ್ಲ ಮುಗಿದು ಬಿಡುವಾದಾಗ ನಿಮ್ಮ ಊರಿಗೆ ಬಂದೆವು. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದರೆ ಆ ಊರಿನ ಜನ ನಮಗೆ ಒಳ್ಳೆಯದನ್ನೇ ಮಾಡಿದ್ದಾರೆ. ಬಂದದ್ದು ನಮ್ಮ ಅತ್ತೆ ಮೈಲವ್ವನವರ ಸಲುವಾಗಿ. ಅವರು ಐರಣಿಯವರು, ತುಂಗಭದ್ರೆಯ ದಂಡೆಯಲ್ಲಿ ಬೆಳೆದವರು. "ಹೊಳಿಗೆ ಆಚಿ ದಂಡಿ ಐತಿ. ಆಚಿ ದಂಡಿನ ಇಲ್ಲದ ನೀರು ಹೆಂಗಿರತೈತಿ, ಒಮ್ಮಿ ತೋರಸವಾ" ಎಂದು ನಾನು ಸೊಸೆಯಾಗಿ ಬಂದಾಗಿನಿಂದ ಕೇಳುತ್ತಿದ್ದರು. ಜೊತೆಗೆ ನನ್ನ ಮಗಳು ರೋಹಿಣಿ, ಎರಡು ತುಂಬಿ ಮೂರಕ್ಕೆ ಬಿದ್ದವಳು. ಮೊದಲ ಸಲ ತೆರೆ ಕಂಡಾಗ ಅವಳು ಅಜ್ಜಿಯ ಸೀರೆ ಜಗ್ಗಿ, "ಅಜ್ಜಿ, ಹಾಲು ಉಕ್ಕಾಕತ್ತೈತಿ, ಒಲಿ ಆರಸು!" ಎಂದು ಕೂಗಿದಳು. ಅತ್ತೆ ಮರಳಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆ ಸಂಜೆ ಮಕ್ಕಳಿಗೆಂದೇ ಬಿಟ್ಟಿರುವ ಆಳವಿಲ್ಲದ ನೀರಿನ ಜಾಗದಲ್ಲಿ ಅಜ್ಜಿ-ಮೊಮ್ಮಗಳು ಆಡಿದ್ದೇ ಆಡಿದ್ದು. ನಿಮ್ಮ ಸಮಿತಿಯೇ ಅಲ್ಲಿ "ಮಕ್ಕಳಿಗೆ ಸುರಕ್ಷಿತ" ಎಂದು ಫಲಕ ಹಾಕಿದೆ. ಒಳ್ಳೆಯ ಕೆಲಸ. ಇಂಥ ಕೆಲಸಕ್ಕೇ ಅಲ್ಲವೇ ನಾನು ನಿಮ್ಮಂಥವರನ್ನು ಹೊಗಳುತ್ತಿದ್ದದ್ದು?

ಮರುದಿನ ಬೆಳಿಗ್ಗೆ ಹೋದರೆ ಆ ಜಾಗಕ್ಕೆ ಹಗ್ಗ ಕಟ್ಟಿತ್ತು. ಒಳಗೆ ಹೂವಿನ ಕಮಾನು, ತಲೆಯ ಮೇಲೆ ಡ್ರೋನ್, ಛತ್ರಿಯ ಕೆಳಗೆ ಎಳನೀರು ಹೀರುತ್ತ ನೀವು. ಕಾವಲಿನವನು ಬಂಡೆಗಳ ಆಚೆ ಕೈ ತೋರಿಸಿದ: "ಇವತ್ತು ಇಲ್ಲಿ ಇಲ್ಲ. ಆ ಕಡೆ ಹೋಗಿ."

"ಆ ಕಡೆ ಸಣ್ಣ ಹುಡುಗರನ್ನ ನೀರಿಗೆ ಬಿಡಬೋದೇನ್ರಿ?" ಎಂದು ಯಜಮಾನರು ಕೇಳಿದರು.

"ಎಲ್ಲಾ ಒಂದೇ ಸಮುದ್ರ ಅಲ್ವಾ?"

ಸಮುದ್ರ ಒಂದೇ ಇರಬಹುದು, ಮಾನ್ಯರೇ. ಆದರೆ ಬಂಡೆಗಳ ಆಚೆ ನೀರಿನ ಸೆಳೆತ ಬೇರೆ. ಅದು ಊರಿನವರಿಗೆ ಗೊತ್ತು, ನಿಮಗೂ ಗೊತ್ತು. ಗೊತ್ತಿಲ್ಲದವರಿಗಾಗಿಯೇ ಅಲ್ಲಿ ಬಾವುಟ ಇರುತ್ತದೆ. ನಾವು ಹೋದಾಗ ಬರೀ ಕಂಬ ಇತ್ತು. ಬರೀ ಕಂಬ ನೋಡಿ ಯಾರು ಹೆದರುತ್ತಾರೆ?

ಅತ್ತೆ ಮಗುವಿನ ಕೈ ಹಿಡಿದು ಪಾದ ಮುಳುಗುವಷ್ಟೇ ನೀರಿನಲ್ಲಿ ನಿಂತಿದ್ದರು. ಯಜಮಾನರು ಪಕ್ಕದಲ್ಲೇ ಇದ್ದರು. ನಾನು ಮೊಬೈಲ್‌ನಲ್ಲಿ ಮುಳುಗಿದ್ದೆ ಎಂದು ನೀವು ಪತ್ರಿಕೆಗೆ ಹೇಳಿದ್ದೀರಿ. ನನ್ನ ಕೈಯಲ್ಲಿದ್ದದ್ದು ಮಗುವಿನ ಟವೆಲ್. ಒಂದು ತೆರೆ ಬಂತು, ದೊಡ್ಡದೇನೂ ಅಲ್ಲ. ಅದು ಹಿಂದಕ್ಕೆ ಸರಿಯುವಾಗ ಅತ್ತೆಯ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡಿತು. ಅವರು ಬಿದ್ದರು. ಎದ್ದಾಗ ಕೈ ಖಾಲಿ ಇತ್ತು. "ಕೂಸು! ಯಲ್ಲೇಶಾ, ಕೂಸು!" ಎಂದು ಅವರು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಈಜು ಬಾರದ ನನ್ನ ಗಂಡ ನೀರಿಗೆ ನುಗ್ಗಿದರು. ಒಮ್ಮೆ ಫ್ರಾಕಿನ ಅಂಚು ಕಂಡಿತು, ಮತ್ತೆ ಕಾಣಲಿಲ್ಲ. ಮುಂದಿನ ತೆರೆ ಅವರನ್ನೂ ಮಗುವನ್ನೂ ಒಟ್ಟಿಗೆ ದಂಡೆಗೆ ಉರುಳಿಸಿತು. ಅವರ ಮುಷ್ಟಿಯಲ್ಲಿ ಅವಳ ಒಂದು ಕಾಲು ಇತ್ತು. ಮಗುವಿನ ತುಟಿ ನೀಲಿಗಟ್ಟಿತ್ತು. ಚುರುಮುರಿ ಮಾರುವ ಹೆಂಗಸೊಬ್ಬರು ಬುಟ್ಟಿ ಬಿಸಾಕಿ ಓಡಿಬಂದು, ಅವಳನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನು ತಟ್ಟಿದರು. ಮರಳು, ಉಪ್ಪುನೀರು ಎಲ್ಲ ಕಾರಿಕೊಂಡು ಆಮೇಲೆ ಅತ್ತಳು. ಅಳು ಎಂಬುದು ಅಷ್ಟು ಸಿಹಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಜೀವರಕ್ಷಕ ಆಗ ಬಂದ, ಬಂಡೆ ಹತ್ತಿ ಇಳಿದು, ಏದುಸಿರು ಬಿಡುತ್ತ. ಅವನ ಕೈಯಲ್ಲಿ ಫೋಟೋಗೆ ಬೆಳಕು ಹೊಡೆಸುವ ಬೆಳ್ಳಿ ಬಣ್ಣದ ಹಲಗೆ ಇನ್ನೂ ಇತ್ತು. ಅದನ್ನು ಕೆಳಗಿಡುವುದೂ ಮರೆತಿದ್ದ. "ಬಾವುಟ ಎಲ್ಲಿ ಹೋತ್ರಿ?" ಎಂದು ನಮ್ಮ ಸುತ್ತ ಸೇರಿದ್ದವರಲ್ಲಿ ಯಾರೋ ಕೇಳಿದರು. ಅವನು ತಲೆ ತಗ್ಗಿಸಿದ. "ಸಾಹೇಬರೇ ತೆಗೆಸಿದ್ರು. ಫೋಟೋದಲ್ಲಿ ಹಿಂದೆ ಕೆಂಪಗೆ ಕಾಣ್ತದೆ ಅಂತ. ನನ್ನನ್ನೂ ಆ ಕಡೆ ಕರೆಸ್ಕೊಂಡ್ರು."

ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಆದರೆ ಆ ದಿನ ನನ್ನ ಮೈಯಲ್ಲಿ ಎಲ್ಲಿತ್ತೋ ಖಾರ. ಮಗುವನ್ನು ಎತ್ತಿಕೊಂಡು ಬಂಡೆ ದಾಟಿ, ಹಗ್ಗದ ಕೆಳಗೆ ನುಗ್ಗಿ ಬಂದೆ. ಅತ್ತೆ ಒದ್ದೆ ಸೀರೆಯಲ್ಲಿ ನನ್ನ ಹಿಂದೆ. ನಿಮ್ಮ ಮಾತು ನೆನಪಿದೆಯೇ, ಮಾನ್ಯರೇ? "ಮಗು ಬದುಕಿದೆಯಲ್ಲ, ಮತ್ಯಾಕೆ ಗಲಾಟೆ? ಸಮುದ್ರವನ್ನೇ ಕಾಣದ ಜನ ಬಂದ್ಬಿಡ್ತೀರಿ." ಪಕ್ಕದಲ್ಲೇ ಜೀವರಕ್ಷಕರ ಅಟ್ಟಣೆ ಇತ್ತು. ಅದರ ಮೇಲೆ, ಕಳೆದುಹೋದ ಮಕ್ಕಳ ಹೆಸರು ಕೂಗುವ ಮೈಕ್ ಇತ್ತು. ಮಗುವನ್ನು ಅತ್ತೆಯ ಕೈಗೆ ಕೊಟ್ಟು ನಾನು ಮೇಲೆ ಹತ್ತಿದೆ.

ನಿಮ್ಮನ್ನು ಕ್ರಮಬದ್ಧವಾಗಿಯೇ ಸ್ವಾಗತಿಸಿದೆ. "ಆತ್ಮೀಯ ಪ್ರವಾಸಿಗರೇ, ಸರಳ ಸಜ್ಜನಿಕೆಯ ಮೂರ್ತಿಯೊಬ್ಬರು ನಮ್ಮ ನಡುವೆ ಛತ್ರಿಯ ಕೆಳಗೆ ಆಸೀನರಾಗಿದ್ದಾರೆ. ಫೋಟೋಗೆ ಅಡ್ಡ ಬಂತೆಂದು ಅಪಾಯದ ಬಾವುಟವನ್ನೇ ಕೀಳಿಸಿದ, ಮಕ್ಕಳ ಜಾಗಕ್ಕೆ ಹಗ್ಗ ಕಟ್ಟಿಸಿ ಮಕ್ಕಳನ್ನು ಸೆಳೆತಕ್ಕೆ ಕಳಿಸಿದ ಈ ಮಹನೀಯರನ್ನು ಜೋರಾದ ಚಪ್ಪಾಳೆಯೊಂದಿಗೆ ಬರಮಾಡಿಕೊಳ್ಳೋಣ." ಜನ ಹಗ್ಗ ದಾಟಿ ಬಂದರು. ಚಪ್ಪಾಳೆಯೂ ಬಿತ್ತು. ಆ ಚಪ್ಪಾಳೆ ಹೇಗಿತ್ತೆಂದು ನಿಮಗೆ ಗೊತ್ತು. ಅಷ್ಟರಲ್ಲಿ ಅತ್ತೆ, ನೀವು ಎದ್ದ ಕುರ್ಚಿಯಲ್ಲಿ ಮಗುವನ್ನು ಕೂರಿಸಿ, "ಏಳಸ್ರಿ ನೋಡೋಣು" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ನೀವು ಏಳಿಸಲಿಲ್ಲ.

ನಿಮ್ಮ ಮಗಳ ಬಗ್ಗೆ ಒಂದು ಮಾತು. ಮರಳಿನ ಮೇಲೆ ಎಳೆದಾಡುವ ಉದ್ದ ಗೌನು ಎತ್ತಿ ಹಿಡಿದು ಆಕೆ ಓಡಿಬಂದಳು. ಹೆಗಲ ಮೇಲಿನ ಶಾಲು ತೆಗೆದು ನನ್ನ ಮಗಳಿಗೆ ಸುತ್ತಿದಳು. ಆಮೇಲೆ ನಿಮ್ಮತ್ತ ತಿರುಗಿ ಕೇಳಿದಳು: "ಅಪ್ಪಾ, ಬಾವುಟ ತೆಗೆಸಿದ್ದು ನೀವಾ?" ನೀವು ಕ್ಯಾಮರಾದವನ ಕಡೆ ನೋಡಿದಿರಿ. ಕಮಾನಿನ ಕಡೆ ನೋಡಿದಿರಿ. ಆಕೆ ಮತ್ತೊಮ್ಮೆ ಕೇಳದೆ ಕಾರಿನ ಕಡೆ ನಡೆದಳು. ಆ ಹೊತ್ತಿನಲ್ಲಿ ನನಗೆ ಸಂತೋಷವಾಯಿತು. ಮುಚ್ಚಿಡುವುದೇನು, ಹೊಟ್ಟೆ ತಣ್ಣಗಾಗುವಷ್ಟು ಸಂತೋಷವಾಯಿತು. ಅಲ್ಲಿಗೆ ನಿಲ್ಲಿಸಿಬಿಡೋಣ ಎಂದು ನಾವು ಊರಿಗೆ ಮರಳಿದೆವು.

ನಿಲ್ಲಿಸದವರು ನೀವು. ನಿಮ್ಮ ಹೇಳಿಕೆ ಪತ್ರಿಕೆಯಲ್ಲಿ ಬಂತು: ತಾಯಿ ಮೊಬೈಲ್ ಹಿಡಿದಿದ್ದಳು, ಅಜ್ಜಿ ಕೈ ಬಿಟ್ಟಳು ಎಂದು. ಪಕ್ಕದ ಮನೆಯ ಡಾಕಪ್ಪನವರು ಕಟ್ಟೆಯ ಮೇಲೆ ಕೂತು ಅದನ್ನು ಗಟ್ಟಿಯಾಗಿ ಓದಿದರು, ಒಳಗೆ ಅತ್ತೆ ಇದ್ದಾರೆಂಬ ಅರಿವಿಲ್ಲದೆ. ಅಕ್ಷರ ಬಾರದ ನಮ್ಮ ಅತ್ತೆಗೆ ಅಚ್ಚಾದದ್ದೆಲ್ಲ ಖರೇ. ಅಂದಿನಿಂದ ಅವರು ಮಗುವನ್ನು ಎತ್ತಿಕೊಳ್ಳುತ್ತಿಲ್ಲ. ರೋಹಿಣಿ ಕೈ ಚಾಚಿ ಬಂದರೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. "ಯಾಕ್ರಿ ಅತ್ತಿ, ಹುಡುಗಿ ಅಳಾಕತ್ತಾಳ" ಎಂದರೆ, "ಬ್ಯಾಡವಾ. ನನ್ನ ಕೈ ಸುಮಾರ ಐತಿ, ಹಿಡದ ಕೂಸು ಜಾರಿ ಹೋತು. ಪೇಪರಿನ್ಯಾಗೂ ಬಂದೈತಿ" ಎನ್ನುತ್ತಾರೆ. ನಾವು ಹೇಳಿದ್ದು ಅವರ ಕಿವಿಗೆ ಇಳಿಯುತ್ತಿಲ್ಲ. ಮಗ-ಸೊಸೆ ಸಮಾಧಾನಕ್ಕೆ ಹೇಳುತ್ತಾರೆ, ಸಾಹೇಬರು ಯಾಕೆ ಸುಳ್ಳು ಹೇಳುತ್ತಾರೆ ಎಂಬುದು ಅವರ ತರ್ಕ. ನಿಮ್ಮ ಕುರ್ಚಿಯ ಮೇಲೆ ನಮ್ಮ ಮನೆಯಲ್ಲಿ ಇನ್ನೂ ಇಷ್ಟು ನಂಬಿಕೆ ಉಳಿದಿದೆ. ನಾಚಿಕೆಯಾಗುವುದಿಲ್ಲವೇ?

ಆದ್ದರಿಂದ ನನಗೆ ನಿಮ್ಮ ಕ್ಷಮಾಪಣೆಯ ಪ್ರಕಟಣೆ ಬೇಡ. ಅದನ್ನು ಅತ್ತೆ ಓದಲಾರರು. ಬಾವುಟವನ್ನು ಮತ್ತೆ ಹಾರಿಸಿ. ಜೀವರಕ್ಷಕನ ಕೈಗೆ ಇನ್ನು ಹಲಗೆ ಕೊಡಬೇಡಿ. ಅದು ನಿಮ್ಮ ನೌಕರಿ, ನಾನು ಬೇಡಿಕೊಳ್ಳುವಂಥದ್ದಲ್ಲ. ನಾನು ಕೇಳುವುದು ಬೇರೆ. ನೀವೇ ಬ್ಯಾಡಗಿಗೆ ಬನ್ನಿ. ನಮ್ಮ ಮನೆಯ ಹೊಸ್ತಿಲು ದಾಟಿ, ಮೈಲವ್ವನವರ ಎದುರು ನೆಲದ ಮೇಲೆ ಕೂತು, ಅವರ ಮುಖ ನೋಡಿ ಹೇಳಿ: "ತಾಯಿ, ತಪ್ಪು ನಿಮ್ಮ ಕೈಯದಲ್ಲ. ಬಾವುಟ ತೆಗೆಸಿದವನು ನಾನು." ಕುಡಿಯಲು ನೀರು ಕೊಡುತ್ತೇವೆ. ಚಹಾ ಕೊಡುವುದಿಲ್ಲ.

ಬರದಿದ್ದರೆ ಕೇಳಿ. ಮದುವೆಯ ಹಂಗಾಮು ಶುರುವಾಗಿದೆ. ಪ್ರತಿ ಮಂಟಪದಲ್ಲೂ ಅಕ್ಷತೆಗೆ ಮುಂಚೆ ಮೈಕ್ ನನ್ನ ಕೈಯಲ್ಲಿರುತ್ತದೆ, ರಾಣೆಬೆನ್ನೂರಿನಲ್ಲಿ ಯಜಮಾನರ ಯಂತ್ರಕ್ಕೂ ಬಿಡುವಿಲ್ಲ. ಈ ಪತ್ರದಲ್ಲಿ ನಿಮ್ಮ ಹೆಸರು ಬಿಟ್ಟಿದ್ದೇನೆ. ಬ್ಯಾನರಿನಲ್ಲಿ ಬಿಡುವುದಿಲ್ಲ.

ಇಂತಿ,
ಸಮುದ್ರ ತೋರಿಸುತ್ತೇನೆಂದು ಅತ್ತೆಯನ್ನು ಕರೆದೊಯ್ದು, ಅವರ ನಗುವನ್ನು ಅಲ್ಲೇ ಬಿಟ್ಟುಬಂದ ಸೊಸೆ,
ಸುಶ್ಮಿತಾ ಯಲ್ಲೇಶ
ಬ್ಯಾಡಗಿ