ಬುರುಜಿನ ಕಾವಲುಗಾರ

ವಿಶಾಖಪಟ್ಟಣ
೯ ಅಕ್ಟೋಬರ್ ೧೯೮೮

ಪ್ರೀತಿಯ ಹರಿಣಾಕ್ಷಿ ಅಕ್ಕನಿಗೆ,

ನಮಸ್ಕಾರ. ನಿನ್ನ ಪತ್ರ ಬಂದು ತಿಂಗಳಾಯಿತು. ಎರಡು ಸಲ ಉತ್ತರ ಬರೆದು ಹರಿದೆ, ಸಿಟ್ಟಾಗಬೇಡ. ಪಟಮಟದ ಹೊಸ ಮನೆಗೆ ನಲ್ಲಿ ನೀರು ಬರುತ್ತಿದೆಯೇ? ಕಾಮೇಶ್ವರ ಭಾವ ಹೇಗಿದ್ದಾರೆ?

ಅಪ್ಪನ ಕಣ್ಣಿನ ಪೊರೆ ಬಲಿತಿದೆ. ಇಪ್ಪತ್ತಕ್ಕೆ ಆಪರೇಷನ್. ಆದರೂ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಬಂದರಿನ ಮೇಲಿನ ಗುಡ್ಡದ ಕೋಟೆಯ ಚರಿತ್ರೆ ಬರೆಯಲು ಒಪ್ಪಿಕೊಂಡಿದ್ದಾರೆ. ನಾನು ಬ್ಯಾಂಕಿನಿಂದ ಬಂದ ಮೇಲೆ ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. “ನಮ್ಮ ಚಿತ್ರದುರ್ಗದ ಮುಂದೆ ಇದೆಂಥ ಕೋಟೆನೇ! ಎರಡು ಗೋಡೆ, ಒಂದು ಮುರುಕು ಬುರುಜು” ಎಂದು ಹಂಗಿಸದೆ ಶುರುವಾಗುವುದೇ ಇಲ್ಲ.

ಮೊನ್ನೆ ವಿವರ ನೋಡಿಕೊಂಡು ಬರಲು ನಾನೊಬ್ಬಳೇ ಹತ್ತಿದೆ. ಮೆಟ್ಟಿಲ ಬಳಿ ಕಡಲೆಕಾಯಿ ಮಾರುವ ಅನ್ನಪೂರ್ಣಮ್ಮ ಒಂದು ಕಥೆ ಹೇಳಿದಳು. ಬುರುಜಿನ ಕಾವಲುಗಾರ ಒಮ್ಮೆ ದೂರದಲ್ಲಿ ಹಾಯಿ ಕಂಡು, ಶತ್ರುವಿನ ಹಡಗು ಬಂತೆಂದು ಕೂಗಿದನಂತೆ. ಫಿರಂಗಿ ಹಾರಿತು. ಮುಳುಗಿದ್ದು ಊರಿಗೇ ಅಕ್ಕಿ ತರುತ್ತಿದ್ದ ಹಡಗು. ಜನ ಏನೂ ಅರಿಯದ, ಕೋಟೆಯ ದೀಪ ಹಚ್ಚುವವನನ್ನು ಹಿಡಿದು ಹೊಡೆದರು. ಕಾವಲುಗಾರ ಬಾಯಿ ಬಿಡಲಿಲ್ಲವಂತೆ.

ಅಪ್ಪ “ಆಧಾರ ಇಲ್ಲ, ಬಿಡು” ಎಂದರು. ಆಮೇಲೆ, “ಕಾವಲುಗಾರನ್ನ ಏನು ಅನ್ನೋದು? ಕಂಡಿದ್ದು ಹೇಳಿದ. ಹಡಗು ಯಾರದು ಅಂತ ನೋಡಬೇಕಾಗಿದ್ದು ಫಿರಂಗಿ ಹಾರಿಸಿದವನು” ಎಂದರು. ನಾನು ಪೆನ್ನು ಕೆಳಗಿಟ್ಟೆ.

“ಹರಿಣಿಗೆ ಬರಿ. ಇಪ್ಪತ್ತೆರಡಕ್ಕೆ ಪಟ್ಟಿ ಬಿಚ್ತಾರೆ. ಅವನನ್ನೂ ಕರ್ಕೊಂಡು ಬರಲಿ” ಎಂದರು ಅಪ್ಪ.

ಮೂರು ವರ್ಷದಲ್ಲಿ ಮೊದಲ ಸಲ ನಿನ್ನ ಹೆಸರು ಹೇಳಿದರು ಅಕ್ಕ. ತಡಮಾಡದೆ ಟಿಕೆಟ್ ಮಾಡಿಸು. ಭಾವನಿಗೆ ನನ್ನ ನಮಸ್ಕಾರ ತಿಳಿಸು. ನಿಮ್ಮಿಬ್ಬರ ಮನೆ ತಂಪಾಗಿರಲಿ.

ನಿನ್ನ ತಂಗಿ,
ಅನುಸೂಯಾ

ತಾ.ಕ.: ನೀನು ಪ್ರತಿ ಪತ್ರದಲ್ಲೂ ಅನ್ನಪೂರ್ಣಮ್ಮನನ್ನು ಬೈಯುತ್ತೀಯ. ನೀನೂ ಭಾವನೂ ಬುರುಜಿನಲ್ಲಿ ಕೂತಿದ್ದನ್ನು ಅಪ್ಪನಿಗೆ ಹೇಳಿದವಳು ಅವಳಲ್ಲ. ಅಂದು ಮನೆಯಲ್ಲಿ ಲೈಬ್ರರಿಗೆಂದು ಹೇಳಿ, ನಿನ್ನ ಹಿಂದೆಯೇ ನಾನು ಗುಡ್ಡ ಹತ್ತಿದ್ದೆ. ಕಂಡಿದ್ದು ಹೇಳಿದವಳು ನಾನು. ಮನೆ ಬಿಡುವ ದಿನ ನೀನು ಅವಳ ಬುಟ್ಟಿಯನ್ನು ಒದ್ದಾಗಲೂ ಪಕ್ಕದಲ್ಲೇ ಇದ್ದೆ. ಚೆಲ್ಲಿದ ಕಡಲೆಕಾಯಿ ಆಯ್ದುಕೊಟ್ಟೆ, ಅಷ್ಟೆ. ಮೊನ್ನೆಯೂ ಅವಳು “ಮೀ ಅಕ್ಕ ಬಾಗುಂದಾ ಅಮ್ಮಾ?” ಎಂದು ಕೇಳಿದಳು. ಬಾಗುಂದಿ, ಚೆನ್ನಾಗಿದ್ದಾಳೆ ಎಂದೆ.

ನನ್ನ ಮುಖ ನೋಡಬೇಡ. ಪಟ್ಟಿ ಬಿಚ್ಚುವಾಗ ಅಪ್ಪನ ಎದುರಿಗೆ ನಿಂತಿರು, ಸಾಕು. ನಾನು ಹೊರಗೆ ವರಾಂಡದಲ್ಲಿರುತ್ತೇನೆ.